ಇಬ್ಬರಿಗೆ ಒಂದು ದೋಣಿ: ಗಂಗಾವತಿಯ ದಂಪತಿ ಎರಡು ದೊಡ್ಡ ಹಾಯಿದೋಣಿ ತೂಗಿ ನೋಡಿದ ಪ್ರಕರಣ

ಪ್ರಕರಣ ಗಂಗಾವತಿಯದು. ಅಣ್ಣ, ಅಂದ್ರೆ ನಮ್ಮ ದೊಡ್ಡಪ್ಪನ ಮಗ, ಮರ್ಚೆಂಟ್ ನೇವಿಯಲ್ಲಿ ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದವರು. ವಯಸ್ಸು 58. ಅತ್ತಿಗೆ ಬ್ಯಾಂಕ್ ಮ್ಯಾನೇಜರ್ ಆಗಿದ್ದು ಸ್ವಯಂ ನಿವೃತ್ತಿ ಪಡೆದವರು. ವಯಸ್ಸು 54. ಮಕ್ಕಳು ಬೆಂಗಳೂರಲ್ಲಿ ನೆಲೆ ನಿಂತಿದ್ದಾರೆ. ಇಬ್ಬರೂ ಹಾಯಿದೋಣಿಯ ಕೋರ್ಸ್ ಮಾಡಿದ್ದಾರೆ. ಗ್ರೀಸ್‌ನಲ್ಲಿ 40 ಅಡಿಯ ದೋಣಿ ಬಾಡಿಗೆಗೆ ಪಡೆದು ಓಡಿಸಿಯೂ ಬಂದಿದ್ದಾರೆ. ಈಗ ಸ್ವಂತದ್ದೊಂದು ಬೇಕು ಅಂತ ತೀರ್ಮಾನಿಸಿದ್ದರು. ಮೆಡಿಟರೇನಿಯನ್‌ನಲ್ಲಿ ಹಳೆಯದಾದರೂ ಗಟ್ಟಿಮುಟ್ಟಾದ ದೋಣಿ ಕೊಳ್ಳುವುದು, ಒಂದು ಬೇಸಿಗೆ ಅಲ್ಲೇ ಕೈ ಪಳಗಿಸಿಕೊಳ್ಳುವುದು, ಆಮೇಲೆ ಜಿಬ್ರಾಲ್ಟರ್ ದಾಟಿ ಕೆನರಿ ದ್ವೀಪಕ್ಕೆ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಹೋಗುವುದು ಅವರ ಯೋಚನೆ.

ನಾನು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಬೇರಿಂಗಿನ ಸದ್ದು, ವೆಲ್ಡಿಂಗಿನ ಬಿರುಕು ನೋಡುವುದೇ ನನ್ನ ಕೆಲಸ. ಯಾವುದನ್ನು ತಗೊಳ್ಳಬೇಕು ಅಂತ ಮನೆಯಲ್ಲಿ ಚರ್ಚೆ ಜೋರಾದಾಗ ಇಬ್ಬರೂ ನನ್ನನ್ನು ಕರೆದು ಕೂರಿಸಿಕೊಂಡರು. ದೊಡ್ಡ ದೋಣಿ ಕೊಳ್ಳುವವರು ನಮ್ಮ ಕಡೆ ಕಡಿಮೆ, ನಿಜ. ಆದರೆ ಎರಡು ಒಳ್ಳೆಯ ವಸ್ತುಗಳಲ್ಲಿ ಒಂದನ್ನು ಆರಿಸುವ ಈ ಬಗೆ ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡೇ. ಒಂದು 2002ರಲ್ಲಿ ಕಟ್ಟಿದ ಆಮೆಲ್ ಸೂಪರ್ ಮರಾಮು. ಇನ್ನೊಂದು 1999ರ ಹಾಲ್ಬರ್ಗ್-ರಾಸ್ಸಿ 53. ಮೊದಲನೆಯದು ಸ್ಪೇನಿನ ಕಾರ್ತಹೇನಾದಲ್ಲಿತ್ತು, ಎರಡನೆಯದು ಸ್ಪೇನಿನದೇ ಮಯೋರ್ಕಾ ದ್ವೀಪದ ಪಾಲ್ಮಾದಲ್ಲಿ. ಎರಡೂ 16 ಮೀಟರ್ ಆಸುಪಾಸಿನವು. ಎರಡಕ್ಕೂ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ಜಾಗ) ನಡುವಿನಲ್ಲಿ, ಹಿಂದೆ ದೊಡ್ಡ ಕ್ಯಾಬಿನ್, ಮುಂದೆ ಗಾಜಿನ ತಡೆ. ಹೊರಗಿನವರಿಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಳಗಿನ ಯೋಚನೆ ಮಾತ್ರ ಬೇರೆ ಬೇರೆ.

ಆಮೆಲ್ ಫ್ರಾನ್ಸ್‌ನ ಲಾ ರೊಷೆಲ್‌ನದು. ಆಂರಿ ಆಮೆಲ್ 1965ರಲ್ಲಿ ಶುರು ಮಾಡಿದ ಕಂಪನಿ. ಸೂಪರ್ ಮರಾಮು 1989ರಿಂದ 2005ರವರೆಗೆ ತಯಾರಾಯಿತು, ಹೆಚ್ಚುಕಡಿಮೆ 500 ದೋಣಿ. ವಿಶೇಷ ಏನು ಅಂದ್ರೆ ಎಲ್ಲವೂ ಹೆಚ್ಚೂಕಡಿಮೆ ಒಂದೇ ಥರ. ಗಿರಾಕಿ ಕೇಳಿದ ಹಾಗೆ ಬದಲಿಸುವ ಪದ್ಧತಿ ಇರಲಿಲ್ಲ. ಇದು ಕೆಚ್, ಅಂದ್ರೆ ಎರಡು ಕಂಬದ ದೋಣಿ: ಮುಂದೆ ದೊಡ್ಡದು, ಹಿಂದೆ ಚಿಕ್ಕದು. ಮುಂದಿನ ಹಾಯಿ, ನಡುವಿನ ಮುಖ್ಯ ಹಾಯಿ (ಮೇನ್ ಸೈಲ್) ಎರಡನ್ನೂ ಕರೆಂಟ್ ಮೋಟಾರ್ ಸುತ್ತಿಕೊಳ್ಳುತ್ತದೆ. ಸ್ವಿಚ್ ಕಾಕ್‌ಪಿಟ್‌ನಲ್ಲೇ ಇರುತ್ತದೆ.

ಹಾಲ್ಬರ್ಗ್-ರಾಸ್ಸಿ ಸ್ವೀಡನ್ನಿನದು, ಓರುಸ್ಟ್ ದ್ವೀಪದ ಎಲ್ಲೋಸ್ ಊರಿನದು. ಈ 53ರ ವಿನ್ಯಾಸ ಅರ್ಜೆಂಟೀನಾದ ಹೆರ್ಮಾನ್ ಫ್ರೇರ್ಸ್ ಅವರದು. ಸೀಸದ ಕೀಲ್ (ದೋಣಿ ಮಗುಚದ ಹಾಗೆ ತಳದಲ್ಲಿರುವ ಭಾರ), ತೇಗದ ಡೆಕ್ (ಮೇಲಿನ ನೆಲ), ಒಳಗೆ ಮಹಾಗನಿ ಮರಗೆಲಸ. ಆ ಮರಗೆಲಸ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಆಮೆಲ್‌ಗಿಂತ ಭಾರ ಜಾಸ್ತಿ. ಪಾಲ್ಮಾದ್ದು ಒಂದೇ ಕಂಬದ ಸ್ಲೂಪ್. ಅದರ ಮಾಲೀಕರಿಗೆ ವೇಗದ ಮೇಲೆ ಪ್ರೀತಿ. ಹಾಗಾಗಿ ಮೇನ್ ಸೈಲ್ ಕಂಬದೊಳಗೆ ಸುತ್ತುವ ಬಗೆಯದಲ್ಲ. ಅಡ್ಡಪಟ್ಟಿ ಹಾಕಿದ ದೊಡ್ಡ ಹಾಯಿ, ಗಾಳಿ ಹೆಚ್ಚಾದರೆ ಕಂಬದ ಬುಡಕ್ಕೆ ಹೋಗಿ ಇಳಿಸಿ ಕಟ್ಟಬೇಕು.

ಅಣ್ಣನ ಮನಸ್ಸು ಹಾಲ್ಬರ್ಗ್ ಮೇಲಿತ್ತು. ಕಾರಣ ಸಣ್ಣದಲ್ಲ. ಒಳಗಿನಿಂದಲೇ ಬಾಗಿಲು ತೆಗೆದು ಎಂಜಿನ್ ರೂಮಿಗೆ ಹೋಗಬಹುದು. ಗಾಳಿಗೆ ಎದುರಾಗಿ ಹೋಗುವಾಗ ಅದು ಆಮೆಲ್‌ಗಿಂತ ಚೆನ್ನಾಗಿ ಏರುತ್ತದೆ. ವೇಗವೂ ಸ್ವಲ್ಪ ಹೆಚ್ಚು. "ಜೀವಮಾನದಾಗ ಒಂದ ಸಲ ತಗೊಳ್ಳೋದು, ಚಲೋದ ತಗೊಳ್ಳೋಣ" ಅಂತ ಅವರ ವಾದ.

ಮೊದಲು ವೇಗದ ಲೆಕ್ಕ ಹಾಕಿದೆವು. ಕೆನರಿಯ ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಗೆ ಸುಮಾರು 2,700 ನಾಟಿಕಲ್ ಮೈಲಿ. ಸರಾಸರಿ 6.5 ನಾಟ್, ಅಂದ್ರೆ ಗಂಟೆಗೆ 6.5 ನಾಟಿಕಲ್ ಮೈಲಿ, ಹೋದರೆ 17 ದಿನ ಚಿಲ್ಲರೆ. 7 ನಾಟ್ ಹೋದರೆ 16 ದಿನ. ಅರ್ಧ ನಾಟ್ ವ್ಯತ್ಯಾಸಕ್ಕೆ ಉಳಿಯುವುದು ಒಂದೂಕಾಲು ದಿನ. ಮೂರು ತಿಂಗಳು ಕೆರಿಬಿಯನ್‌ನಲ್ಲಿ ಇರಲು ಹೊರಟವರಿಗೆ ಒಂದೂಕಾಲು ದಿನ ಏನು ಮಹಾ? ಇನ್ನು ಗಾಳಿಗೆ ಎದುರು ಏರುವ ಗುಣ. ಆ ದಾರಿಯಲ್ಲಿ ಬೀಸುವುದು ವಾಣಿಜ್ಯ ಮಾರುತ. ಬಹುತೇಕ ಹಿಂದಿನಿಂದಲೇ ಬೀಸುತ್ತದೆ. ಆಮೆಲ್‌ನವರು ಇದಕ್ಕಂತಲೇ ಮುಂದೆ ಎರಡು ಹಾಯಿಗಳನ್ನು ಎಡಕ್ಕೊಂದು ಬಲಕ್ಕೊಂದು ಕೋಲು ಕೊಟ್ಟು ಬಿಚ್ಚುವ ವ್ಯವಸ್ಥೆ ಮಾಡಿದ್ದಾರೆ. ಒಮ್ಮೆ ಬಿಚ್ಚಿದರೆ ದಿನಗಟ್ಟಲೆ ಮುಟ್ಟುವುದು ಬೇಡ. ಹೀಗಾಗಿ ಅಣ್ಣನ ಎರಡು ದೊಡ್ಡ ವಾದ ಈ ದಾರಿಯ ಮಟ್ಟಿಗೆ ಹಗುರಾದವು. ಜಿಬ್ರಾಲ್ಟರ್‌ಗೆ ಹೋಗುವಾಗ ಮಾತ್ರ ಎದುರುಗಾಳಿ ಸಿಗಬಹುದು. ಅಲ್ಲಿ ಎಂಜಿನ್ ಹಾಕಿಕೊಂಡು ಹೋಗುವವರೇ ಜಾಸ್ತಿ.

ಆಗ ಅತ್ತಿಗೆ ಕೇಳಿದ ಪ್ರಶ್ನೆ ಇಡೀ ಲೆಕ್ಕವನ್ನು ಬೇರೆ ಕಡೆ ತಿರುಗಿಸಿತು: "ರಾತ್ರಿ ಎರಡಕ್ಕ ಗಾಳಿ ಜೋರಾತು. ನಿಮಗ ಜ್ವರ ಬಂದು ಮಲಗೀರಿ. ಆವಾಗ ನಾ ಒಬ್ಬಾಕೀನ ಏನ್ ಮಾಡ್ಬೇಕು, ಅದನ್ನ ಹೇಳ್ರಿ."

ದೊಡ್ಡ ದೋಣಿ ಹೋಲಿಸುವವರು ಸಾಮಾನ್ಯವಾಗಿ ಉದ್ದ, ಭಾರ, ಟ್ಯಾಂಕು, ಕ್ಯಾಬಿನ್ ಎಣಿಸುತ್ತಾರೆ. ಇಬ್ಬರೇ ಹೋಗುವ ದೋಣಿಯಲ್ಲಿ ಒಬ್ಬರು ಮಲಗಿರಲೇಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೆ ಇಬ್ಬರೂ ಬೀಳುತ್ತಾರೆ. ಹಾಗಾಗಿ ವಾಚ್‌ನಲ್ಲಿ, ಅಂದ್ರೆ ಕಾವಲಿನ ಪಾಳಿಯಲ್ಲಿ, ಯಾವಾಗಲೂ ಇರುವುದು ಒಬ್ಬರೇ. ಇಬ್ಬರಲ್ಲಿ ಕಡಿಮೆ ಕಸುವು ಇರುವವರು ಯಾರೋ ಅವರಿಗೆ ದೋಣಿ ಒಗ್ಗಬೇಕು. ನನ್ನ ಪ್ರಕಾರ ಇದೊಂದೇ ಮಾನದಂಡ ಸಾಕಿತ್ತು. ಉಳಿದದ್ದೆಲ್ಲ ಇದರ ಕೆಳಗೆ ಬರುತ್ತದೆ.

ಹೇಳುವುದು ಸುಲಭ, ಅಳೆಯುವುದು ಹೇಗೆ? ಪರಿಚಯದ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕಾಂಕ್ರೀಟ್ ಕಣ ಇದೆ. ಸಂಜೆ ಭತ್ತ ಬಳಿದು ಚೀಲಕ್ಕೆ ತುಂಬಿದ ಮೇಲೆ ಅದು ಖಾಲಿ. ಅಲ್ಲಿ ಎರಡೂ ದೋಣಿಯ ನಕ್ಷೆಯನ್ನು ಸುಣ್ಣದ ಪುಡಿಯಲ್ಲಿ ನಿಜ ಅಳತೆಗೆ ಎಳೆದೆವು. ಟೇಪು ಹಿಡಿದದ್ದು ಅಣ್ಣ, ಸುಣ್ಣ ಬಿಟ್ಟದ್ದು ನಾನು. ಕಂಬ ಇರುವ ಕಡೆ ಖಾಲಿ ಡ್ರಮ್ಮು, ವಿಂಚ್ (ಹಗ್ಗ ಎಳೆಯುವ ರಾಟೆ) ಇರುವ ಕಡೆ ಇಟ್ಟಿಗೆ. 16 ಮೀಟರ್ ಉದ್ದ, 4.6 ಮೀಟರ್ ಅಗಲ ಕಾಗದದ ಮೇಲೆ ಓದುವುದೇ ಬೇರೆ, ನೆಲದ ಮೇಲೆ ನಿಂತು ನೋಡುವುದೇ ಬೇರೆ. ಹತ್ತಿರ ನಿಂತು ನೋಡುತ್ತಿದ್ದ ಹಮಾಲರೊಬ್ಬರು "ಇಷ್ಟ ದೊಡ್ಡದಕ್ಕ ಇಬ್ಬರ ಏನ್ರಿ?" ಅಂತ ಕೇಳಿದರು. ಅತ್ತಿಗೆ ಅಣ್ಣನ ಮುಖ ನೋಡಿದರು.

ಅತ್ತಿಗೆ ಬ್ಯಾಂಕಿನ ಹಳೆಯ ಲೆಡ್ಜರಿನಲ್ಲಿ ಗೆರೆ ಹಾಕಿ ಕೆಲಸಗಳ ಪಟ್ಟಿ ಮಾಡಿದ್ದರು. ಹಾಯಿ ಕಡಿಮೆ ಮಾಡುವುದು, ಲಂಗರು ಎತ್ತುವುದು, ನೀರು ಒಳಗೆ ಬಂದರೆ ಎಲ್ಲಿಂದ ಅಂತ ಹುಡುಕುವುದು, ಸಮುದ್ರಕ್ಕೆ ಬಿದ್ದವರನ್ನು ಎತ್ತುವುದು. ಪ್ರತಿಯೊಂದಕ್ಕೂ ಮುಂದೆ ಎರಡೇ ಕಾಲಂ: ಕಾಕ್‌ಪಿಟ್ ಬಿಟ್ಟು ಏಳಬೇಕಾ? ಒಬ್ಬಳೇ ಆಗುತ್ತಾ? ಒಂದೊಂದನ್ನೂ ಸುಣ್ಣದ ಗೆರೆಯೊಳಗೆ ನಡೆದು ನೋಡಿದರು. ಹಾಲ್ಬರ್ಗ್‌ನ ಗೆರೆಯಲ್ಲಿ ಹಾಯಿ ಕಡಿಮೆ ಮಾಡಲು ಕಾಕ್‌ಪಿಟ್‌ನಿಂದ ಎದ್ದು, ಸುರಕ್ಷತೆಯ ಪಟ್ಟಿಯ ಕೊಕ್ಕೆ ಬದಲಿಸುತ್ತಾ, ಕಂಬದ ತನಕ ಹೋಗಿ, ಎರಡು ಕೈಯಲ್ಲಿ ಕೆಲಸ ಮಾಡಿ ವಾಪಸ್ ಬರಬೇಕು. ಗಂಗಾವತಿಯ ಕಾಂಕ್ರೀಟ್ ಅಲುಗಾಡುವುದಿಲ್ಲ. ಸಮುದ್ರದಲ್ಲಿ ಡೆಕ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗುತ್ತಿರುತ್ತದೆ, ಕತ್ತಲು ಬೇರೆ.

ಆಮೇಲೆ ಇಬ್ಬರೂ ಸ್ಪೇನಿಗೆ ಹೋಗಿ ಅದೇ ಪಟ್ಟಿ ಹಿಡಿದು ನಿಜವಾದ ದೋಣಿಗಳ ಮೇಲೆ ಮಾಡಿದರು. ಬಂದರಿನಲ್ಲಿ, ಗಾಳಿಯೇ ಇಲ್ಲದ ಬೆಳಿಗ್ಗೆ, ಹಾಲ್ಬರ್ಗ್‌ನ ಮೇನ್ ಸೈಲನ್ನು ಒಂದು ಮಡಿಕೆ ಇಳಿಸಿ ಕಟ್ಟಲು ಅತ್ತಿಗೆಗೆ 11 ನಿಮಿಷ ಹಿಡಿಯಿತು. ಆಮೆಲ್‌ನಲ್ಲಿ ಕೂತಲ್ಲೇ ಸ್ವಿಚ್ ಒತ್ತಿ ಎರಡು ನಿಮಿಷದೊಳಗೆ ಮುಗಿಯಿತು.

ಇಲ್ಲಿ ಅಣ್ಣ ಸುಮ್ನೆ ಕೂರಲಿಲ್ಲ. ಸುಮ್ಮನಿರಬಾರದು ಕೂಡ. "ಕರೆಂಟ್ ಹೋದ್ರ?" ಅಂತ ಕೇಳಿ ಬ್ರೇಕರ್ ಆಫ್ ಮಾಡಿಸಿದರು. ಆಮೆಲ್‌ನ ಸುತ್ತುವ ಯಂತ್ರಕ್ಕೆ ವಿಂಚ್ ಹ್ಯಾಂಡಲ್ ಹಾಕಿ ಕೈಯಲ್ಲೂ ತಿರುಗಿಸಬಹುದು. ಅತ್ತಿಗೆ ತಿರುಗಿಸಿದರು. ತೋಳು ನೋಯಿತು, ಆದರೆ ಆಯಿತು. "ಅರ್ಧಕ್ಕ ಸಿಕ್ಕಿಹಾಕ್ಕೊಂಡ್ರ?" ಅನ್ನುವುದು ಅವರ ಮುಂದಿನ ಪ್ರಶ್ನೆ. ಇದು ನಿಜವಾದ ತೊಂದರೆ. ಕಂಬದೊಳಗೆ ಸುತ್ತುವ ಹಾಯಿ ಹಳೆಯದಾಗಿ ಜೋಲು ಬಿದ್ದಿದ್ದರೆ ಸುಕ್ಕುಗಟ್ಟಿ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಹಾಲ್ಬರ್ಗ್‌ನ ಹಾಯಿಗೆ ಆ ಭಯ ಇಲ್ಲ, ಹಗ್ಗ ಬಿಟ್ಟರೆ ತನ್ನ ಭಾರಕ್ಕೇ ಇಳಿಯುತ್ತದೆ. ಅಣ್ಣನ ಈ ಮಾತನ್ನು ನಾವು ಪೂರ್ತಿ ಒಪ್ಪಿಕೊಂಡೆವು. ಪರಿಹಾರ ಅಂತ ಎರಡು ವಿಷಯ ಬರೆದುಕೊಂಡೆವು. ಆಮೆಲ್ ಕೊಂಡರೆ ಹೊಸ ಮೇನ್ ಸೈಲ್ ಹೊಲಿಸುವ ಖರ್ಚು ಮೊದಲೇ ತೆಗೆದಿಡಬೇಕು. ಎರಡನೆಯದು, ಕೆಚ್ ಆದ್ದರಿಂದ ಗಾಳಿ ಏರುವ ಸೂಚನೆ ಸಿಕ್ಕಿದ ಕೂಡಲೇ ಮೇನ್ ಸೈಲನ್ನು ಪೂರ್ತಿ ಒಳಗೆ ಎಳೆದು, ಮುಂದಿನ ಹಾಯಿ ಮತ್ತು ಹಿಂದಿನ ಚಿಕ್ಕ ಹಾಯಿಯಲ್ಲೇ ಹೋಗಬಹುದು. ಹಾಯಿಗಳ ಎಳೆತ ಹಿಂದೆ ಮುಂದೆ ಸಮ ಇರುತ್ತದೆ, ಚುಕ್ಕಾಣಿ ಎಳೆಯುವುದಿಲ್ಲ. ರಾತ್ರಿ ವಾಚ್‌ಗೆ ಇದನ್ನೇ ನಿಯಮ ಮಾಡಿಕೊಂಡರೆ ಸಿಕ್ಕಿಕೊಳ್ಳುವ ಸಂದರ್ಭವೇ ಕಡಿಮೆ.

ಎರಡು ಕಂಬ ಇದ್ದರೆ ಒಂದು ಮುರಿದರೂ ಇನ್ನೊಂದು ಇರುತ್ತದೆ ಅನ್ನುವ ಮಾತೂ ಬಂತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಒಂಟಿಯಾಗಿ ಭೂಮಿ ಸುತ್ತಲು ಹೊರಟಿದ್ದ ಅಭಿಲಾಷ್ ಟಾಮಿ ಅವರ ಹಾಯಿದೋಣಿ ತುರಿಯಾ ಹಿಂದೂ ಮಹಾಸಾಗರದಲ್ಲಿ ಪಲ್ಟಿ ಹೊಡೆದು ಕಂಬ ಕಳೆದುಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಅದೂ ಕೆಚ್. ಸಮುದ್ರ ಆ ಮಟ್ಟಕ್ಕೆ ಹೋದರೆ ಎರಡು ಕಂಬದ ಲಾಭ ನಂಬಿ ಕೂರಬಾರದು.

ಅತ್ತಿಗೆಗೆ ಧೈರ್ಯ ಬರಲಿ ಅಂತ ಅಣ್ಣ ತಾರಿಣಿಯ ಉದಾಹರಣೆ ಕೊಟ್ಟರು. ಗೋವಾದಲ್ಲಿ ಕಟ್ಟಿದ ನೌಕಾಪಡೆಯ 56 ಅಡಿಯ ಹಾಯಿದೋಣಿ. ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ, ಇಬ್ಬರೇ, 2024ರ ಅಕ್ಟೋಬರ್ 2ಕ್ಕೆ ಹೊರಟು 2025ರ ಮೇ 29ಕ್ಕೆ ಭೂಮಿ ಸುತ್ತಿ ಗೋವಾಕ್ಕೆ ಬಂದರು. ಹೆಮ್ಮೆಯ ವಿಷಯ, ಎದೆ ತುಂಬಿ ಬರುತ್ತದೆ. ಅತ್ತಿಗೆಯ ಉತ್ತರವೂ ಸರಿಯೇ ಇತ್ತು: ಅವರು ವರ್ಷಗಟ್ಟಲೆ ತರಬೇತಿ ಪಡೆದ ನೌಕಾಪಡೆಯ ಅಧಿಕಾರಿಗಳು, ಚಿಕ್ಕ ವಯಸ್ಸು. 54ಕ್ಕೆ ಶುರು ಮಾಡುವವರಿಗೆ ದೋಣಿಯೇ ಸ್ವಲ್ಪ ಸಹಾಯ ಮಾಡಬೇಕು.

ಇನ್ನು ತಪಾಸಣೆ. ಎರಡೂ ದೋಣಿಯನ್ನು ನೀರಿನಿಂದ ಎತ್ತಿಸಿ ಸ್ವತಂತ್ರ ಸರ್ವೇಯರ್ ಹತ್ತಿರ ನೋಡಿಸಿದರು. ಖರ್ಚು ಇಬ್ಬರಿಗೂ ಹೊಟ್ಟೆ ಉರಿಸಿತು, ಆದರೆ ಇದನ್ನು ಬಿಟ್ಟು ಹಳೆಯ ದೋಣಿ ಕೊಳ್ಳಬಾರದು. ಸರ್ವೇಯರ್ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಡೆಕ್ ಬಡಿಯುತ್ತಾ ಹೋಗುವ ವಿಡಿಯೋ ಅಣ್ಣ ನನಗೆ ಕಳಿಸಿದರು. ಇಯರ್‌ಫೋನ್ ಹಾಕಿ ಕೇಳಿದೆ. ಹಾಲ್ಬರ್ಗ್‌ನ ಡೆಕ್ ಉದ್ದಕ್ಕೂ ಟಕ್ ಟಕ್ ಅಂತ ಬಿಗಿಯಾದ ಸದ್ದು. ಕಂಬವನ್ನು ಹಿಡಿಯುವ ತಂತಿಗಳು ಡೆಕ್ ಸೇರುವ ಜಾಗಕ್ಕೆ ಬಂದಾಗ ಅದೇ ಸುತ್ತಿಗೆ ಡಬ್ ಡಬ್ ಅಂದಿತು. ತೇವ ಅಳೆಯುವ ಮೀಟರ್ ಅಲ್ಲೇ ಏರಿತು. ತೇಗದ ಪಟ್ಟಿಗಳ ನಡುವಿನ ಕಪ್ಪು ರಬ್ಬರು ಕೆಲವು ಕಡೆ ಎದ್ದಿತ್ತು, ಸ್ಕ್ರೂ ಮುಚ್ಚುವ ಮರದ ಬಿರಡೆಗಳು ಉದುರಿದ್ದವು. ಅಲ್ಲಿಂದ ನೀರು ಇಳಿದು ಕೆಳಗಿನ ಫೋಮ್ ಪದರದಿಂದ ಫೈಬರ್ ಬಿಟ್ಟುಕೊಂಡಿದೆ. ಇದು ಆ ಕಂಪನಿಯ ತಪ್ಪಲ್ಲ. ತೇಗದ ಡೆಕ್ಕಿಗೆ ಇಪ್ಪತ್ತು, ಇಪ್ಪತ್ತೈದು ವರ್ಷ ಅಂದ್ರೆ ಒಂದು ಆಯುಷ್ಯ. ಅದು ಮುಗಿದಿತ್ತು. ಬದಲಿಸಲು ದೊಡ್ಡ ಮೊತ್ತ ಬೇಕು, ತಿಂಗಳುಗಟ್ಟಲೆ ರಿಪೇರಿ ಯಾರ್ಡಿನಲ್ಲಿ ನಿಲ್ಲಿಸಬೇಕು. ಆಮೆಲ್‌ಗೆ ತೇಗವೇ ಇಲ್ಲ. ಫೈಬರಿನ ಮೇಲೆ ಹಲಗೆಯ ಹಾಗೆ ಗೆರೆ ಮೂಡಿಸಿ ಬಣ್ಣ ಕೊಟ್ಟಿದ್ದಾರೆ. ನೋಡಲು ಅಷ್ಟು ಚೆಂದ ಇಲ್ಲ, ಆದರೆ ಸೋರುವ ತೂತೂ ಇಲ್ಲ.

ಆಮೆಲ್‌ನ ವರದಿಯೂ ಶುಭ್ರವಾಗಿರಲಿಲ್ಲ. ಮುಂದಿನ ಹಾಯಿ ಸುತ್ತುವ ಮೋಟಾರಿನ ಗೇರ್‌ಬಾಕ್ಸ್‌ನಲ್ಲಿ ಉಪ್ಪುನೀರು ಇಳಿದಿತ್ತು. ಅದರ ಪ್ರೊಪೆಲ್ಲರ್ ಕೀಲ್‌ನ ಹಿಂಭಾಗದಲ್ಲಿ ಆಮೆಲ್‌ನದ್ದೇ ಆದ ಗೇರ್ ವ್ಯವಸ್ಥೆಯಲ್ಲಿ ಕೂತಿದೆ. ಅದರ ಸೀಲು, ಎಣ್ಣೆಯನ್ನು ದೋಣಿ ಮೇಲೆತ್ತಿದಾಗ ತಪ್ಪದೆ ಬದಲಿಸಬೇಕು. ಎಣ್ಣೆ ಸ್ವಲ್ಪ ಹಾಲಿನಂತೆ ಬೆಳ್ಳಗಾಗಿತ್ತು, ಅಂದ್ರೆ ನೀರು ಸೇರಿದೆ. ಬಿಡಿಭಾಗ ಊರೂರಲ್ಲಿ ಸಿಗುವುದಿಲ್ಲ. ಆದರೆ ಒಂದೇ ಥರದ ಹತ್ತಿರ ಹತ್ತಿರ 500 ದೋಣಿ ಇರುವುದರಿಂದ ಯಾವ ತೊಂದರೆ ಯಾವಾಗ ಬರುತ್ತದೆ ಅನ್ನುವುದು ಮಾಲೀಕರಿಗೆಲ್ಲ ಗೊತ್ತು. ಕಾರ್ಖಾನೆಯಲ್ಲಿ ಇಪ್ಪತ್ತು ಒಂದೇ ಮಾದರಿಯ ಪಂಪು ನೋಡಿಕೊಳ್ಳುವುದಕ್ಕೂ ಇಪ್ಪತ್ತು ಬೇರೆ ಬೇರೆ ಪಂಪು ನೋಡಿಕೊಳ್ಳುವುದಕ್ಕೂ ಎಷ್ಟು ಅಂತರ ಅಂತ ನನಗೆ ದಿನವೂ ಕಾಣುತ್ತದೆ.

ಅಣ್ಣನ ಮನಸ್ಸು ನಿಜವಾಗಿ ತಿರುಗಿದ್ದು ಎಂಜಿನ್ ರೂಮಿನಲ್ಲಿ. ಆಮೆಲ್‌ನಲ್ಲಿ ಕಾಕ್‌ಪಿಟ್‌ನ ನೆಲವನ್ನೇ ಎತ್ತಿ ಕೆಳಗೆ ಇಳಿಯಬೇಕು. ಮಳೆಯಲ್ಲಿ ಅದು ಕಷ್ಟ. ಆದರೆ ಆ ಕೋಣೆ ವಾಸದ ಭಾಗದಿಂದ ನೀರು ದಾಟದ ಗೋಡೆಯಿಂದ ಬೇರೆ. ಮುಂದೆಯೂ ಅಂಥದ್ದೇ ಗೋಡೆ ಇದೆ. ಸಮುದ್ರದ ನೀರು ಒಳಗೆ ಬರಲು ಒಂದೇ ದೊಡ್ಡ ಕವಾಟ, ಅದೂ ಎಂಜಿನ್ ರೂಮಿನಲ್ಲಿ. ಅಲ್ಲಿಂದ ಎಲ್ಲ ಕಡೆಗೂ ಹಂಚಿಕೆ. "ನೀರು ಎಲ್ಲಿಂದ ಬಂತು" ಅಂತ ಅತ್ತಿಗೆ ಲೆಡ್ಜರಿನಲ್ಲಿ ಬರೆದಿದ್ದ ಸಾಲಿಗೆ ಹಾಲ್ಬರ್ಗ್‌ನಲ್ಲಿ ನೋಡಬೇಕಾದ ಜಾಗ ಹಲವು, ಇಲ್ಲಿ ಬೆರಳೆಣಿಕೆ. ಹಡಗಿನಲ್ಲಿ ಬದುಕು ಕಳೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಚುಕ್ಕಾಣಿಯೂ ಮುಂದೆ ಪೂರ್ತಿ ಉದ್ದದ ಆಸರೆ ಇರುವಂಥದ್ದು. 2020ರಿಂದ ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಯ ಚುಕ್ಕಾಣಿಗೆ ಗುದ್ದಿ ಮುರಿಯುತ್ತಿವೆ, ಕೆಲವು ದೋಣಿ ಮುಳುಗಿವೆ ಕೂಡ. ಆ ಆಸರೆ ಇದ್ದರೆ ಪೂರ್ತಿ ಬಚಾವ್ ಅಂತ ಯಾರೂ ಹೇಳಲಾರರು. ಇಲ್ಲದ್ದಕ್ಕಿಂತ ಇದ್ದದ್ದು ಮೇಲು.

ಕಂಬದ ತಂತಿಗಳ ವಿಷಯದಲ್ಲಿ ನಾನು ಹಟ ಹಿಡಿದೆ. ಎರಡೂ ದೋಣಿಯ ರಿಗ್ಗಿಂಗ್ ಹಳೆಯದು, ಕಣ್ಣಿಗೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಬ್ರೋಕರ್ "ಇನ್ನೂ ಎರಡು ಸೀಸನ್ ನಡೆಯುತ್ತದೆ" ಅಂದರು. ನಾವು ತುಂಗಭದ್ರಾ ಅಣೆಕಟ್ಟಿನ ಕೆಳಗಿನವರು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ ಗಂಗಾವತಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. 33 ಗೇಟಿನಲ್ಲಿ ಒಂದರ ಸರಪಳಿ. ಹೋಗುವ ಕ್ಷಣದವರೆಗೂ ಅದು ನಿಂತೇ ಇತ್ತು. ಸ್ಟೀಲ್ ತಂತಿಯೂ ಹೀಗೆಯೇ, ಒತ್ತಿ ಕೂರಿಸಿದ ತುದಿಯೊಳಗೆ ತುಕ್ಕು ಹಿಡಿದು, ಹೊರಗೆ ಹೊಳೆಯುತ್ತಲೇ ಇದ್ದು, ಒಂದು ದಿನ ಕಡಿಯುತ್ತದೆ. ಹತ್ತು, ಹನ್ನೆರಡು ವರ್ಷ ದಾಟಿದ ರಿಗ್ಗಿಂಗ್ ಅಂದ್ರೆ ವಿಮೆಯವರೂ ಮುಖ ಸಿಂಡರಿಸುತ್ತಾರೆ. ಯಾವುದನ್ನು ಕೊಂಡರೂ ಪೂರ್ತಿ ಹೊಸದು ಅಂತ ಬರೆಸಿದೆ. ಕೆಚ್‌ಗೆ ಎರಡು ಕಂಬ, ತಂತಿಯೂ ಜಾಸ್ತಿ, ಖರ್ಚೂ ಜಾಸ್ತಿ. ಆಮೆಲ್ ವಿರುದ್ಧ ಇದು ನಿಜವಾದ ಅಂಕ.

ದುಡ್ಡಿನ ಕಡೆ ಅತ್ತಿಗೆಯ ಲೆಕ್ಕ ಅಚ್ಚುಕಟ್ಟು. ಹಾಲ್ಬರ್ಗ್‌ಗೆ ಕೇಳಿದ್ದು ಆಮೆಲ್‌ನ ಒಂದೂವರೆ ಪಟ್ಟು. ವಿದೇಶಿ ಹಡಗಿನಲ್ಲಿ ದುಡಿದ ಉಳಿತಾಯ ಅಣ್ಣನ ಆರ್‌ಎಫ್‌ಸಿ (ಊರಿಗೆ ಮರಳಿದವರ ವಿದೇಶಿ ಕರೆನ್ಸಿ) ಖಾತೆಯಲ್ಲಿದೆ. ಅದನ್ನು ಹೊರದೇಶದಲ್ಲಿ ಬಳಸಲು ಅಡ್ಡಿ ಇಲ್ಲ. ಆಮೆಲ್‌ನ ಬೆಲೆ, ರಿಪೇರಿ ಎರಡಕ್ಕೂ ಅದು ಸಾಕು. ಹಾಲ್ಬರ್ಗ್ ಆದರೆ ಊರಿನ ರೂಪಾಯಿ ಕಳಿಸಬೇಕು. ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. 2025ರ ಏಪ್ರಿಲ್‌ನಿಂದ ಇಂಥ ಖರ್ಚಿಗೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ. ಒಂದು ಕೋಟಿ ಕಳಿಸಿದರೆ 18 ಲಕ್ಷ ಮೊದಲೇ ಕಟ್ಟಬೇಕು. ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ವಾಪಸ್ಸೂ ಬರಬಹುದು, ಅಲ್ಲಿಯ ತನಕ ಕೈಯಲ್ಲಿ ಇರುವುದಿಲ್ಲ. ಯಾರ್ಡಿನ ಬಿಲ್ಲು ಮಾತ್ರ ಕಾಯುವುದಿಲ್ಲ, ಅಲ್ವಾ?

ಇನ್ನೊಂದು ವಿಷಯವನ್ನು ನಮ್ಮವರು ಮರೆಯುವುದೇ ಜಾಸ್ತಿ. ಯುರೋಪಿಯನ್ ಒಕ್ಕೂಟದ ಹೊರಗಿನ ಧ್ವಜ ಇರುವ, ಹೊರಗಿನವರ ದೋಣಿ ಅಲ್ಲಿ ವ್ಯಾಟ್ ಕಟ್ಟದೆ 18 ತಿಂಗಳು ಇರಬಹುದು. ಆದರೆ ಭಾರತದ ಪಾಸ್‌ಪೋರ್ಟಿನ ಮನುಷ್ಯ ಶೆಂಗೆನ್ ವೀಸಾದಲ್ಲಿ ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಕೆನರಿ ದ್ವೀಪವೂ ಶೆಂಗೆನ್ ಒಳಗೇ ಬರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಡೆಕ್ ಕೆಲಸಕ್ಕೆ ಯಾರ್ಡಿನಲ್ಲಿ ನಿಂತ ದೋಣಿಯ ಪಕ್ಕ ಇವರು ನಿಂತು ಮಾಡಿಸುವ ಹಾಗಿಲ್ಲ. ಹಾಲ್ಬರ್ಗ್ ಕೈಬಿಡಲು ಇದೂ ಒಂದು ದೊಡ್ಡ ಕಾರಣವಾಯಿತು.

ಕೊನೆಗೆ ಆಮೆಲ್. ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಮಗ ಜೊತೆಗೆ ಬರುವವನಾಗಿದ್ದರೆ, ದಾರಿ ಉತ್ತರ ಸಮುದ್ರದ ಎದುರುಗಾಳಿಯದ್ದಾಗಿದ್ದರೆ, ಡೆಕ್ ಆಗಲೇ ಬದಲಿಸಿದ್ದಾಗಿದ್ದರೆ ನಾನೇ ಹಾಲ್ಬರ್ಗ್ ತಗೊಳ್ಳಿ ಅನ್ನುತ್ತಿದ್ದೆ. ಕಟ್ಟಿದ ಗುಣದಲ್ಲಿ ಅದು ಯಾವುದಕ್ಕೂ ಕಡಿಮೆ ಇಲ್ಲ.

ಗೇರ್ ಎಣ್ಣೆಯ ವರದಿ, ಹಾಯಿ ಸುತ್ತುವ ಮೋಟಾರು ಮುಂದಿಟ್ಟು ಅತ್ತಿಗೆಯೇ ಚೌಕಾಸಿ ಮಾಡಿದರು. ಮಾರುವವರು ಬೆಲೆ ಇಳಿಸಿದರು. ಇಳಿದ ಹಣ ರಿಗ್ಗಿಂಗ್‌ನ ಬಹುಪಾಲಿಗೆ ಆಯಿತು. ಹೊಸ ಮೇನ್ ಸೈಲಿಗೆ ಅಳತೆ ಕೊಟ್ಟಾಗಿದೆ. ವಿಮೆಯವರು ಮೊದಲ ಅಟ್ಲಾಂಟಿಕ್ ದಾಟುವಾಗ ಅನುಭವಿ ಮೂರನೆಯವರೊಬ್ಬರು ಇರಲೇಬೇಕು ಅಂತ ಷರತ್ತು ಹಾಕಿದ್ದಾರೆ. ಅಣ್ಣನಿಗೆ ಸ್ವಲ್ಪ ಬೇಸರ, ಅತ್ತಿಗೆಗೆ ಖುಷಿ. ಚಂಡಮಾರುತದ ಋತು ನವೆಂಬರ್ 30ಕ್ಕೆ ಮುಗಿಯುತ್ತದೆ, ಆಮೇಲೆ ಲಾಸ್ ಪಾಲ್ಮಾಸ್ ಬಿಡುವುದು ಅಂತ ಇದೆ. ಅಲ್ಲಿಯವರೆಗೆ ಅತ್ತಿಗೆ ರೇಡಿಯೋ ಪರೀಕ್ಷೆಗೆ ಓದುತ್ತಿದ್ದಾರೆ, ಅಣ್ಣ ಆಮೆಲ್‌ನ ವೈರಿಂಗ್ ನಕ್ಷೆಯ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆ.